ಕೋದಂಡಪ್ಪನ ಸವತಿ

ಗಂಡಸಿಗೂ ಸವತಿ ಇರುತ್ತಾಳೆಯೇ ಎಂದು ಕೇಳುವವರು ಮೈಸೂರು ಮೈನ್ಸ್ ಚಿನ್ನದ ಗಣಿಯ ಕೂಲಿಮನೆಗಳ ಸಾಲನ್ನು, ನಮ್ಮ ಲೈನನ್ನು, ಕಂಡವರಲ್ಲ. ನಮ್ಮ ಪಕ್ಕದ ಮನೆಯ ಕೋದಂಡಪ್ಪನಿಗೆ ಇತ್ತು. ನಾಲ್ಕು ಕಾಲು, ಒಂದು ಬಾಲ, ಮೂರು ಮದುವಣಗಿತ್ತಿಯರ ಜಡೆಗೆ ಹಂಚಿದರೂ ಮಿಗುವಷ್ಟು ಕೂದಲು. ಅದು ಗಂಡು ಬೆಕ್ಕು ಬೇರೆ. ಆದರೆ ಹೊಟ್ಟೆಕಿಚ್ಚು ಅಷ್ಟನ್ನೆಲ್ಲ ವಿಚಾರಿಸುವುದಿಲ್ಲ.

ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದು ಬಿದಿರು ತಟ್ಟಿ. ಅವರ ಸಾರಿಗೆ ಉಪ್ಪು ಹೆಚ್ಚಾದರೆ ನಮಗೆ ಬಾಯಾರುತ್ತಿತ್ತು. ಹಾಗಾಗಿ ನಾನು ಹೇಳುವುದರಲ್ಲಿ ಕಣ್ಣಾರೆ ಕಂಡದ್ದು ಅರ್ಧ, ತಟ್ಟಿಯಲ್ಲಿ ಕೇಳಿದ್ದು ಅರ್ಧ. ಇನ್ನೊಂದು ಅರ್ಧ ನನ್ನದು.

ಕೋದಂಡಪ್ಪ ಕಾಮಸಮುದ್ರದ ಆಚೆಯ ಹಳ್ಳಿಯವನು. ನೆಲದಡಿ ಬಂಡೆ ಕುಸಿಯದಂತೆ ಮರದ ಕಂಬ ಕೊಟ್ಟು ನಿಲ್ಲಿಸುವುದು ಅವನ ಕೆಲಸ. ಅವನು ಇಳಿಯುತ್ತಿದ್ದ ಗಣಿ ಎಷ್ಟು ಆಳವೆಂದರೆ, ತಳದಲ್ಲಿ ಒಬ್ಬ ಸೀನಿದರೆ ಆ ಸೀನು ಮೇಲೆ ಬರುವಷ್ಟರಲ್ಲಿ ಅವನ ನೆಗಡಿಯೇ ವಾಸಿಯಾಗಿರುತ್ತಿತ್ತು. ತಲೆಯ ಮೇಲೆ ಬೆಟ್ಟ ಲಟಲಟ ಎಂದರೂ ಬೀಡಿ ಕೆಳಗಿಡದ ಆಸಾಮಿ. ಅವನ ಎದೆ ಅದುರುತ್ತಿದ್ದದ್ದು ಹೆಂಡತಿ ಕನಕಮ್ಮನ ವಿಷಯದಲ್ಲಿ ಮಾತ್ರ. ಬಂಗಾರಪೇಟೆಯಲ್ಲಿ ಅವರ ಮದುವೆಯಾದಾಗ ಬಳೆಗಾರ ಹುಡುಗಿಯ ಕೈ ಒತ್ತಿ ಒತ್ತಿ ಬಳೆ ಏರಿಸಿದನಂತೆ. ಮದುಮಗ ಮುಖ ಊದಿಸಿಕೊಂಡು ಹೋಳಿಗೆ ಊಟ ಬಿಟ್ಟು ಸ್ಟೇಷನ್ನಿನ ಬೆಂಚಿನ ಮೇಲೆ ಹೋಗಿ ಕುಳಿತಿದ್ದ. ಬಳೆಗಾರನಿಗೆ ಎಪ್ಪತ್ತು ವರ್ಷ, ಒಂದು ಕಣ್ಣು ಕಾಣುತ್ತಿರಲಿಲ್ಲ.

ಇಂಥವನಿಗೆ ವಾರದಲ್ಲಿ ಒಂದೇ ಒಂದು ಸುಖವಿತ್ತು. ಶನಿವಾರ ಸಂಜೆ ಕನಕಮ್ಮ ಹೊಸ್ತಿಲ ಮೇಲೆ ಕೂರುವಳು, ಅವನು ಕೆಳಗಿನ ಮೆಟ್ಟಿಲ ಮೇಲೆ. ಅವಳು ಅಂಗೈ ತುಂಬ ಹರಳೆಣ್ಣೆ ಸುರಿದುಕೊಂಡು ಅವನ ನೆತ್ತಿಗೆ ತಟ್ಟಿ, ತಿಕ್ಕಿ, ಬೆರಳಾಡಿಸುವಳು. ಅವನ ಕಣ್ಣು ತಾನಾಗಿ ಮುಚ್ಚುವುದು. ಸ್ವಲ್ಪ ಹೊತ್ತಿಗೆಲ್ಲ ಏಳುತ್ತಿದ್ದ ಗೊರಕೆಗೆ ನಮ್ಮ ಮನೆಯ ಗೂಟಕ್ಕೆ ತಗುಲಿಸಿದ್ದ ಲಾಟೀನು ಓಲಾಡುತ್ತಿತ್ತು. ವಾರವೆಲ್ಲ ಬೆಟ್ಟ ಹೊತ್ತವನು ಆ ಹೊತ್ತಿನಲ್ಲಿ ಅದನ್ನು ಅವಳ ಮೊಣಕಾಲ ಬಳಿ ಇಳಿಸುತ್ತಿದ್ದ.

ಸಾವಿರದೊಂಬೈನೂರ ಐವತ್ತಾರರ ಕೊನೆಗೆ ಗಣಿಗಳು ಸರ್ಕಾರದ ಕೈಗೆ ಬಂದವು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಿದರು. ಕನಕಮ್ಮ ಕೆಲಸ ಮಾಡುತ್ತಿದ್ದ ಬಂಗಲೆಯ ದೊರೆಸಾನಿಯೂ ಹೊರಟಳು. ಪಿಯಾನೋ ಹೋಯಿತು, ಜಿಂಕೆ ಕೊಂಬು ಹೋಯಿತು, ಉಳಿದದ್ದು ಸುಲ್ತಾನ ಎಂಬ ಪರ್ಷಿಯಾ ದೇಶದ ಬಿಳಿ ಬೆಕ್ಕು. ಅದಕ್ಕೆ ಹಡಗು ಆಗುವುದಿಲ್ಲವಂತೆ. ಬಂಗಲೆಯಲ್ಲಿ ದಿನವೂ ಅದರ ಕೂದಲು ಬಾಚುತ್ತಿದ್ದವಳು ಕನಕಮ್ಮನೇ. ದೊರೆಸಾನಿ ಅತ್ತುಕೊಂಡು ಬೆಕ್ಕನ್ನೂ, ಒಂದು ದಂತದ ಹಿಡಿಯ ಬ್ರಷ್ಷನ್ನೂ, ಒಂದು ಡಬ್ಬಿ ಪೌಡರನ್ನೂ ಇವಳ ಮಡಿಲಿಗೆ ಹಾಕಿದಳು.

ಕೋದಂಡಪ್ಪ ಗಣಿಯಿಂದ ಬಂದಾಗ ಅದು ಅವನ ಚಾಪೆಯ ಮೇಲೆ ಮಲಗಿತ್ತು.

"ಇದ್ಯಾರ್ದು?"

"ನಮ್ದೇ."

"ಎಷ್ಟ್ ದಿನಕ್ಕೆ?"

"ಇರೋವರ್ಗೂ," ಎಂದಳು ಕನಕಮ್ಮ, ಮುದ್ದೆ ತಿರುವುತ್ತಾ.

ಬಂಗಲೆಯಲ್ಲಿ ಸುಲ್ತಾನ ಓಡಾಡಿದ್ದು ಜಮಖಾನದ ಮೇಲೆ. ನಮ್ಮ ಲೈನಿನಲ್ಲಿ ಒಲೆಬೂದಿ, ರಾಗಿಹೊಟ್ಟು, ಕೋಳಿಪುಕ್ಕ, ಪಾಪಕ್ಕನ ಮನೆಯ ಹಸುವಿನ ಮೇವು. ಬೆಕ್ಕು ಒಂದು ಸುತ್ತು ಹೋಗಿ ಬಂದರೆ ಲೈನಿನ ಕಸ ಗುಡಿಸುವ ಕೆಲಸ ಮುಗಿದಿರುತ್ತಿತ್ತು. ಹಾಗಾಗಿ ಸಂಜೆಯಾಯಿತೆಂದರೆ ಕನಕಮ್ಮ ಹೊಸ್ತಿಲ ಮೇಲೆ, ಬೆಕ್ಕು ಅವಳ ಮಡಿಲಲ್ಲಿ. ಮೊದಲು ಒಂದು ಚಿಟಿಕೆ ಪೌಡರು ಉದುರಿಸುವಳು. ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಕಟ್ಟಿದ ಸಿಕ್ಕನ್ನು ಬೆರಳ ತುದಿಯಲ್ಲಿ ಒಂದೊಂದೇ ಎಳೆಯಾಗಿ ಬಿಡಿಸುವಳು, ಚರ್ಮ ಜಗ್ಗದಂತೆ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದು. ಆಮೇಲೆ ಅಗಲ ಹಲ್ಲಿನ ಹಣಿಗೆ, ಕೊನೆಗೆ ಬ್ರಷ್ಷು. ಸುಲ್ತಾನ ಜಹಗೀರುದಾರನ ಹಾಗೆ ಅಂಗಾತ ಮಲಗಿ, ಈ ಕಂಕುಳಾಯಿತು ಆ ಕಂಕುಳು ಎಂದು ಕೈಯೆತ್ತಿ ಕೊಡುತ್ತಿತ್ತು. ಬ್ರಷ್ಷಿನಿಂದ ಉದುರಿದ ಕೂದಲಲ್ಲಿ ಲೈನಿನ ಗುಬ್ಬಚ್ಚಿಗಳೆಲ್ಲ ಗೂಡು ಕಟ್ಟಿದವು. ಆ ಮೆತ್ತೆ ಬಿಟ್ಟು ಹಾರಲೊಲ್ಲದೆ ಮರಿಗಳು ಬೆಳೆದು, ಅಲ್ಲೇ ಮದುವೆಯಾಗಿ, ಅಲ್ಲೇ ಮೊಮ್ಮಕ್ಕಳನ್ನು ಕಂಡವು. ಕೋದಂಡಪ್ಪನ ಮುದ್ದೆಯಲ್ಲಿ ಒಮ್ಮೆ ಒಂದು ಕೂದಲು ಸಿಕ್ಕಿತು. ಅವನು ಎಳೆಯುತ್ತಾ ಹೋದ. ಅದು ಮುಗಿಯುವಷ್ಟರಲ್ಲಿ ಸಾರು ಆರಿತ್ತು.

ಮೊದಲ ಶನಿವಾರ ಬಂತು. ಅವನು ಎಣ್ಣೆಯ ಬಟ್ಟಲು ಹಿಡಿದು ಮೆಟ್ಟಿಲಿಗೆ ಬಂದರೆ ಮಡಿಲು ಭರ್ತಿಯಾಗಿತ್ತು. ಬೆಕ್ಕಿನ ಬಾಲದಲ್ಲಿ ಮುಳ್ಳು ಸಿಕ್ಕಿಕೊಂಡಿದೆ, ಇವತ್ತೊಂದು ದಿನ ನೀನೇ ಹಚ್ಚಿಕೋ ಎಂದಳು. ಅವನು ಹಚ್ಚಿಕೊಂಡ. ತನ್ನ ತಲೆಗೆ ತಾನೇ ಎಣ್ಣೆ ಹಚ್ಚಿಕೊಳ್ಳುವುದಕ್ಕೂ ಗೋಡೆಗೆ ಸುಣ್ಣ ಬಳಿಯುವುದಕ್ಕೂ ಅವನಿಗೆ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಶನಿವಾರ ಅವನು ಬಟ್ಟಲು ಹಿಡಿದು ಬರಲಿಲ್ಲ, ಕರೆಯುತ್ತಾಳೇನೋ ಎಂದು ಒಳಗಿನ ಮೂಲೆಯಲ್ಲಿ ನಿಂತು ನೋಡಿದ. ಅವಳು ಕರೆಯಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ಅಂದಿನಿಂದ ಆ ಮೂಲೆಯೇ ಅವನ ಜಾಗವಾಯಿತು. ಅಲ್ಲಿ ನಿಂತು ಅವನು ಉರಿಯುತ್ತಿದ್ದ ಉರಿಗೆ ಒಲೆ ಹಚ್ಚದೆ ಅನ್ನ ಬೇಯಿಸಬಹುದಿತ್ತು. ನೆಲುವಿನಲ್ಲಿದ್ದ ಹಾಲು ಎರಡು ಸಲ ಒಡೆಯಿತು. ಕನಕಮ್ಮ ಹಾಲಿನವಳನ್ನು ಬೈದಳು.

ಆಮೇಲೆ ಅವನಿಗೆ ಒಂದು ಯೋಚನೆ ಹೊಳೆಯಿತು. ಕೂದಲಿದ್ದದ್ದಕ್ಕೇ ತಾನೆ ಬೆಕ್ಕಿಗೆ ಆ ಮಡಿಲು? ತನಗೂ ಕೂದಲಿದ್ದರೆ? ಕ್ಷೌರದ ಸೊಣ್ಣಪ್ಪ ಬಂದಾಗಲೆಲ್ಲ ಇವನು ಮುಂದಿನ ವಾರ ಎಂದು ಕಳಿಸತೊಡಗಿದ. ಕೂದಲು ಕಿವಿ ದಾಟಿತು, ಕತ್ತು ಮುಟ್ಟಿತು. ಗಣಿಯ ಟೋಪಿ ತಲೆಯ ಮೇಲೆ ಕೂರದೆ, ಹುಲ್ಲಿನ ಬಣವೆಯ ಮೇಲೆ ಮಗುಚಿದ ಮಡಕೆಯ ಹಾಗೆ ಒಲೆಯುತ್ತಿತ್ತು. ಅವನು ಬೇಕೆಂದೇ ಅದನ್ನು ಕೆದರಿಕೊಂಡು ಹೆಂಡತಿಯ ಮುಂದೆ ಹಾದುಹೋಗುವನು, ಸಿಕ್ಕು ಬಿಡಿಸಲಿ ಎಂದು.

ಆದರೆ ನಮ್ಮ ಕಡೆ ಗಂಡಸು ಕೂದಲು ಬಿಟ್ಟನೆಂದರೆ ಅದಕ್ಕೆ ಒಂದೇ ಅರ್ಥ. ತಿರುಪತಿಗೆ ಮುಡಿ ಹರಕೆ. ಸೊಣ್ಣಪ್ಪ ಅದನ್ನು ಲೈನಿಗೆಲ್ಲ ಹೇಳಿದ. ಪಾಪಕ್ಕ ಕೈಮುಗಿದಳು. ಮೇಸ್ತ್ರಿ ಕೇಳದೆಯೇ ರಜೆ ಕೊಟ್ಟ. ಹರಕೆ ಏನಿರಬಹುದೆಂದು ನಾವೆಲ್ಲ ಊಹಿಸಿದೆವು. ಮಕ್ಕಳಿಲ್ಲ, ಮಕ್ಕಳಿಗಾಗಿಯೇ ಇರಬೇಕು ಎಂದರು ಹೆಂಗಸರು. ಕನಕಮ್ಮನ ಕಣ್ಣಲ್ಲಿ ನೀರು ಬಂತು.

"ಅರಕೆ ಒತ್ಕಂಡೌನೆ, ನಂಗ್ ಒಂದ್ ಮಾತ್ ಏಳ್ಲಿಲ್ಲ," ಎಂದು ಅವಳು ನನ್ನ ಹೆಂಡತಿಯ ಮುಂದೆ ಹೇಳಿಕೊಂಡಳು. "ದೇವ್ರಿಗ್ ಬಿಟ್ಟ್ ಕೂದ್ಲು ಅಕ್ಕಾ, ನನ್ ಕೈ ಸೋಕುಸ್ಬಾರ್ದು."

ತಟ್ಟಿಯಾಚೆಯಿಂದ ಇದನ್ನು ಕೇಳಿಸಿಕೊಂಡ ಕೋದಂಡಪ್ಪನ ಗತಿ ನೋಡಿ. ಹರಕೆಯಲ್ಲ ಎಂದರೆ ಮತ್ತೇನೆಂದು ಹೇಳಬೇಕು. ಬೆಕ್ಕಿನ ಮೇಲಿನ ಹೊಟ್ಟೆಕಿಚ್ಚಿಗೆ ಎನ್ನಲಾಗುತ್ತದೆಯೇ? ಲೈನಿನ ಜನ ಒಟ್ಟಾಗಿ ಅವನನ್ನು ಬಂಗಾರಪೇಟೆಯ ರೈಲಿಗೆ ಹತ್ತಿಸಿದೆವು. ಒಬ್ಬೊಬ್ಬರೂ ಹುಂಡಿಗೆ ಹಾಕೆಂದು ಗಂಟು ಕೊಟ್ಟೆವು. ಹೋದವನು ಬಂದದ್ದು ನುಣ್ಣಗೆ ಬೋಳಿಸಿದ ತಲೆಗೆ ಗಂಧ ಬಳಿದುಕೊಂಡು. ಬಿಸಿಲಿಗೆ ಆ ತಲೆ ಹೊಳೆದ ಹೊಳಪಿಗೆ ಆಂಡರ್ಸನ್‌ಪೇಟೆಯ ಕಾಗೆಗಳು ಬೆಳಗಾಯಿತೆಂದು ಎರಡನೆಯ ಸಲ ಕೂಗಿದವು. ಕನಕಮ್ಮ ಲಾಡು ಕಣ್ಣಿಗೊತ್ತಿಕೊಂಡಳು. ಗಂಡನಿಗೆ ಒಂದು ಚೂರು ಕೊಟ್ಟಳು, ನಮಗೆ ಒಂದು ಚೂರು. ಆಮೇಲೆ ಬ್ರಷ್ಷು ತೆಗೆದುಕೊಂಡು ಹೊಸ್ತಿಲ ಮೇಲೆ ಕುಳಿತಳು. ಕೋದಂಡಪ್ಪ ಮೂಲೆಯಲ್ಲಿ ನಿಂತು ಬೋಳುತಲೆ ಸವರಿಕೊಂಡ. ಮುಡಿ ಕೊಟ್ಟು ಬಂದವನು ತಾನು. ನೆಲಕ್ಕೆ ಜೋಲುವ ಮುಡಿ ಹೊತ್ತು ಅಲ್ಲಿ ಮಲಗಿರುವುದು ಅದು.

ಇಷ್ಟಾದ ಮೇಲೆ ಬೇರೆಯವನಾಗಿದ್ದರೆ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿಕೊಂಡು ಎಲ್ಲಾದರೂ ಬಿಟ್ಟು ಬರುತ್ತಿದ್ದ. ಕೋದಂಡಪ್ಪ ಕೆಟ್ಟವನಲ್ಲ. ಅವನು ಲೆಕ್ಕ ಹಾಕಿದ್ದು ಹೀಗೆ. ಬೆಕ್ಕಿನ ತಲೆ ಬಾಚುವ ಕೆಲಸ ಅವಳು ಕೆಲಸದಿಂದ ಬರುವ ಮೊದಲೇ ಮುಗಿದಿದ್ದರೆ, ಅವಳ ಸಂಜೆ ಖಾಲಿ. ಖಾಲಿ ಸಂಜೆಯಲ್ಲಿ ಖಾಲಿ ಮಡಿಲು. ದೊರೆಸಾನಿಯ ಬಂಗಲೆಯ ಹಾಗೆ ದಿನವೂ ಗೀಚುವುದೇಕೆ? ಕೂದಲೆಂದರೆ ಅದಕ್ಕೊಂದು ಕ್ರಮವಿದೆ. ಚೆನ್ನಾಗಿ ಎಣ್ಣೆ ಕುಡಿಸಿ, ಬಿಗಿಯಾಗಿ ಹೆಣೆದುಬಿಟ್ಟರೆ ವಾರವಿಡೀ ಯಾರೂ ಮುಟ್ಟಬೇಕಾಗಿಲ್ಲ. ಅವನ ಅಮ್ಮ, ಅಕ್ಕ, ತಂಗಿಯರೆಲ್ಲ ಬೆಳೆದದ್ದು ಹಾಗೆಯೇ.

ಐವತ್ತೆಂಟರ ಆಷಾಢ. ಅವನಿಗೆ ರಾತ್ರಿ ಪಾಳಿ, ಹಗಲೆಲ್ಲ ಮನೆಯಲ್ಲಿ. ಕನಕಮ್ಮ ಆಗ ಒಬ್ಬ ಇಂಜಿನಿಯರರ ಮನೆಯಲ್ಲಿ ಕೆಲಸಕ್ಕಿದ್ದಳು, ಸಂಜೆಗೆ ಬರುವಳು. ಅಂಗಡಿಯ ಎಣ್ಣೆ ಸವತಿಗೆ ಸಾಲದೆಂದು ಇವನು ರೈಲು ಹತ್ತಿ ಬಂಗಾರಪೇಟೆಯ ಗಾಣದ ಶ್ರೀರಾಮಪ್ಪನ ಹತ್ತಿರ ಹೋದ. ಶ್ರೀರಾಮಪ್ಪನ ಹರಳೆಣ್ಣೆ ಎಂಥ ಗಟ್ಟಿಯೆಂದರೆ, ಈ ಸಂತೆಯಲ್ಲಿ ಬಗ್ಗಿಸಿದರೆ ಮುಂದಿನ ಸಂತೆಗೆ ಸೀಸೆಗೆ ಇಳಿಯುತ್ತಿತ್ತು.

"ಬಾಣಂತಿಗಾ?" ಎಂದು ಕೇಳಿದ ಶ್ರೀರಾಮಪ್ಪ.

"ಅಲ್ಲ, ತಲೆಗೆ."

ಶ್ರೀರಾಮಪ್ಪ ಅವನ ಬೋಳುತಲೆಯನ್ನು ನೋಡಿದ. ನೋಡಿ, ಎಣ್ಣೆ ಅಳೆದ.

ಮಾರನೆಯ ಬೆಳಿಗ್ಗೆ ಅವನು ಎಣ್ಣೆ ಬೆಚ್ಚಗೆ ಮಾಡಿದ. ಸುಲ್ತಾನನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ನೆತ್ತಿಯಿಂದ ಹಿಡಿದು ಬಾಲದ ತುದಿಯವರೆಗೆ ತಿಕ್ಕಿದ. ಪರಚುತ್ತದೆ ಎಂದುಕೊಂಡಿದ್ದ. ಅದು ಪರಚಲಿಲ್ಲ. ಕಣ್ಣು ಮುಚ್ಚಿತು, ಕತ್ತು ಸಡಿಲ ಬಿಟ್ಟಿತು, ಗೊರಗೊರ ಎನ್ನತೊಡಗಿತು. ಆ ಸದ್ದಿಗೆ ಒಲೆಯ ಮೇಲಿನ ತಟ್ಟೆಮುಚ್ಚಳ ಟಣಟಣ ಎಂದದ್ದು ನನಗೂ ಕೇಳಿಸಿತು. ಆಗ ಕೋದಂಡಪ್ಪನಿಗೆ ಅದರ ಮೇಲೆ ಹಿಂದೆಂದೂ ಇಲ್ಲದಷ್ಟು ಹೊಟ್ಟೆಕಿಚ್ಚಾಯಿತು. ಆ ಸುಖ ಎಂಥದೆಂದು ಲೈನಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎತ್ತಿಗೆ ಮೂಗುದಾರ ಹೊಸೆದ ಕೈ ಅವನದು. ಸಿಟ್ಟಿನಲ್ಲೇ ಬೆಕ್ಕಿನ ಬೆನ್ನಿಗೆ, ಹೊಟ್ಟೆಗೆ, ಬಾಲಕ್ಕೆ ಬಿಗಿಯಾಗಿ ಜಡೆ ಹೆಣೆದ.

ಕೊನೆಯ ಜಡೆ ಜಗ್ಗಿದ್ದೇ ತಡ, ಸುಲ್ತಾನ ಚಂಗನೆ ಹಾರಿ ತಟ್ಟಿಯ ಕಂಡಿಯಲ್ಲಿ ತೂರಿ ಓಡಿತು.

ನಮ್ಮ ಲೈನಿನ ಹಿಂದೆ ಸೈನೈಡ್ ದಿಬ್ಬ. ಗಣಿಯ ಕಲ್ಲನ್ನು ಪುಡಿ ಮಾಡಿ, ಸೈನೈಡಿನಲ್ಲಿ ತೊಳೆದು ಚಿನ್ನ ತೆಗೆದುಕೊಂಡ ಮೇಲೆ ಎಸೆದ ಮರಳಿನ ಗುಡ್ಡ. ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣುಪು. ಆಷಾಢದ ಗಾಳಿಗೆ ಅದು ಎದ್ದರೆ ನಾವು ಮುದ್ದೆಯ ಜೊತೆ ಅರ್ಧ ಗುಡ್ಡ ತಿನ್ನುತ್ತಿದ್ದೆವು. ಎಣ್ಣೆಯ ಕಾಟ ತಡೆಯದೆ ಬೆಕ್ಕು ಹೋಗಿ ಆ ಮರಳಿನಲ್ಲಿ ಹೊರಳಿತು. ಬಲಕ್ಕೆ ಹೊರಳಿತು, ಎಡಕ್ಕೆ ಹೊರಳಿತು. ಮಧ್ಯಾಹ್ನ ಮನೆಗೆ ಬಂದದ್ದು ಬೆಕ್ಕಲ್ಲ, ಗಾರೆಯಲ್ಲಿ ಮಾಡಿದ ಬೆಕ್ಕಿನ ಬೊಂಬೆ. ಅದು ನಡೆದರೆ ಟಕಟಕ ಸದ್ದು. ಬಾಲ ಹಾರೆಯ ಹಾಗೆ ನೆಟ್ಟಗೆ ನಿಂತಿತ್ತು. ಕೋದಂಡಪ್ಪ ಗಾಬರಿಯಾಗಿ ಒಂದು ಕೊಡ ನೀರು ಹೊಯ್ದ. ಹರಳೆಣ್ಣೆ, ನುಣ್ಣನೆಯ ಮರಳು, ಮೇಲೆ ನೀರು. ಮನೆ ಕಟ್ಟುವವರು ಬೇರೆ ಏನು ಮಾಡುತ್ತಾರೆ?

ಸಂಜೆ ಕನಕಮ್ಮ ಬಂದಳು. ಕಿರುಚುತ್ತಾಳೆಂದು ನಾವು ಕಿವಿ ಮುಚ್ಚಿಕೊಂಡು ಸಿದ್ಧವಾಗಿದ್ದೆವು. ಅವಳು ಕಿರುಚಲಿಲ್ಲ. ಬೆಕ್ಕು ನಾಲಿಗೆ ಚಾಚಿ ಮೈ ನೆಕ್ಕಲು ಹೋಯಿತು. ಅವಳು ತಟಕ್ಕನೆ ಅದರ ಮೂತಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ನೆಕ್ಕುದ್ರೆ ಸಾಯ್ತದೆ," ಎಂದಳು. ಅಷ್ಟೇ. ದಿಬ್ಬದ ಮರಳಲ್ಲಿ ಇನ್ನೂ ವಿಷ ಉಳಿದಿರುತ್ತದೆ ಎಂಬುದು ಲೈನಿನವರೆಲ್ಲರ ನಂಬಿಕೆ.

ಕೋದಂಡಪ್ಪನ ಬಣ್ಣ ಆ ಮರಳಿಗಿಂತ ಬಿಳುಪಾಯಿತು. ಬೆಕ್ಕು ಸತ್ತರೆ ಅವಳ ಮಡಿಲು ಖಾಲಿಯಾಗುತ್ತದೆ, ನಿಜ. ಆದರೆ ಆ ಖಾಲಿಯ ಹತ್ತಿರ ತಾನು ಇನ್ನೆಂದಿಗೂ ಸುಳಿಯುವಂತಿಲ್ಲ ಎಂಬುದು ಅವಳ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. ಪಂಚೆ ಎತ್ತಿಕಟ್ಟಿ ಸೊಣ್ಣಪ್ಪನ ಮನೆಗೆ ಓಡಿದ. ಅವನನ್ನು ಹೆಗಲ ಮೇಲೆ ಹೊತ್ತು ತಂದ ಎಂದರೂ ಸುಳ್ಳಾಗದು, ಸೊಣ್ಣಪ್ಪನ ಕಾಲು ನೆಲ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಸೊಣ್ಣಪ್ಪ ಕತ್ತರಿ ತೆಗೆದವನು ಬೆಕ್ಕನ್ನು ನೋಡಿ ಮತ್ತೆ ಚೀಲಕ್ಕೆ ಹಾಕಿದ. ಅದರ ಮೈಮೇಲೆ ಗಂಟುಗಂಟಾಗಿ ಜಡೆ. ಸನ್ಯಾಸಿಗಳಿಗೂ ದೇವರು ಬರುವ ಹೆಂಗಸರಿಗೂ ತಾನಾಗಿ ಕಟ್ಟುವ ಜಡೆಯನ್ನು ನಮ್ಮ ಕಡೆ ಯಾವ ಕ್ಷೌರಿಕನೂ ಮುಟ್ಟುವುದಿಲ್ಲ. ಪಾಪಕ್ಕ ಅಷ್ಟರಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಿದ್ದಳು.

"ದೇವ್ರ್ ಜಡೆ ಬಿದ್ದದೆ," ಎಂದ ಸೊಣ್ಣಪ್ಪ. "ನಾನ್ ಕತ್ರಿ ಆಕಾಕಿಲ್ಲ. ನನ್ ಮಕ್ಳು ಮರಿ ನೆಟ್ಟಗಿರ್ಬೇಕು."

ಲೈನಿನ ಅಷ್ಟೂ ಜನ ಅಲ್ಲಿ ನಿಂತಿದ್ದರು. ಕನಕಮ್ಮ ಬೆಕ್ಕಿನ ಮೂತಿ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಕೋದಂಡಪ್ಪ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನಮ್ಮನ್ನು.

"ದೇವ್ರಲ್ಲ ಕಣ್ಲಾ," ಎಂದ ತಲೆ ತಗ್ಗಿಸಿ. "ನಾನೇ ಎಣೆದಿದ್ದು. ಅರಳೆಣ್ಣೆ ಆಕಿ."

ನಾನು ಹೆಗಲ ಮೇಲಿದ್ದ ಟವಲನ್ನು ಬಾಯಿಗೆ ತುರುಕಿಕೊಂಡೆ. ಉಳಿದವರ ಹತ್ತಿರ ಟವಲಿರಲಿಲ್ಲ. ಆ ನಗೆಗೆ ಗಣಿಯೊಳಗೆ ಬಂಡೆ ಸಿಡಿಯಿತೆಂದು ಆಚೆ ಲೈನಿನವರು ಓಡಿ ಬಂದರು. ಕನಕಮ್ಮ ಮಾತ್ರ ನಗಲಿಲ್ಲ.

ಸೊಣ್ಣಪ್ಪ ಕೆಲಸ ಮುಗಿಸಿದಾಗ ಕೆಳಗೆ ಒಂದು ದೊಡ್ಡ ಬೆಕ್ಕಿನಷ್ಟು ಗಾರೆಗಟ್ಟಿದ ಕೂದಲು ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಹೆಗ್ಗಣದಷ್ಟು ಬೆಕ್ಕು ನಿಂತಿತ್ತು. ಇಷ್ಟು ದಿನ ತಾನು ಹೊಟ್ಟೆ ಉರಿದುಕೊಂಡದ್ದು ಇಷ್ಟೇ ಇಷ್ಟಕ್ಕೆ ಎಂದು ಕೋದಂಡಪ್ಪ ಕಣ್ಣು ಕಣ್ಣು ಬಿಟ್ಟ. ಕನಕಮ್ಮ ಅದನ್ನು ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ತೊಳೆದಳು. ಒರೆಸಿ, ಅವನ ಒಗೆದ ಅಂಗಿಯಲ್ಲೇ ಸುತ್ತಿ, ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತಳು. ಜನ ಚದುರಿದರು. ನಾನೂ ಒಳಗೆ ಹೋದೆ, ತಟ್ಟಿಯವರೆಗೆ.

ಅವಳು ಕೇಳಿದಳು. "ಯಾಕಂಗ್ ಮಾಡ್ದೆ?"

ಅವನು ಮೂಲೆಯಿಂದಲೇ ಹೇಳಿದ. "ನನ್ ತಲೆ ಮುಟ್ಟಿ ಎಷ್ಟ್ ಕಾಲ ಆಯ್ತಮ್ಮಿ ನೀನು?"

 

"ಅದ್ಕಾ?" ಎಂದಳು ಕನಕಮ್ಮ. "ಆ ಅರಕೇನೂ ಅದ್ಕೇನಾ?"

ನಾನು ತಟ್ಟಿಯಿಂದ ಕಿವಿ ತೆಗೆಯಬೇಕೆಂದುಕೊಂಡೆ, ಆದರೆ ಅದು ಅಂಟಿಕೊಂಡುಬಿಟ್ಟಿತ್ತು.

"ನೀನೇ ಅಚ್ಕೋ ಅಂದ್ಯಲ್ಲ ಅವತ್ತು," ಎಂದ ಅವನು.

"ಅವತ್ತಂದೆ. ಬಾಲ್ದಾಗ್ ಮುಳ್ಳಿತ್ತು, ಅಂದೆ. ಆಮೇಕ್ ಒಂದಿನಾನಾದ್ರೂ ಬಂದ್ ಕೂತ್ಯಾ? ಈ ಮೂಗ್ ಪ್ರಾಣಿ ಬಂದ್ ಕೂತ್ಕಂತದೆ, ನಾನ್ ಬಾಚ್ತೀನಿ. ನೀನ್ ಮೂಲೇಲ್ ನಿಂತ್ಕಂಡ್ ಉರ್ಕಂತೀಯ. ತಿರುಪ್ತಿಗಂಟ ಓದೆ, ಬಂಗಾರ್‌ಪೇಟೆಗಂಟ ಓದೆ, ಈ ಬಾಗ್ಲುಗಂಟ ಬರಾಕಾಗ್ಲಿಲ್ಲ ನಿಂಗೆ."

ಪಾಳಿಗೆ ಇನ್ನೂ ಹೊತ್ತಿತ್ತು. ಅಂದು ಶನಿವಾರವೂ ಅಲ್ಲ. ಅವನು ಮೂಲೆ ಬಿಟ್ಟು ಬಂದದ್ದು, ಮೆಟ್ಟಿಲ ಮೇಲೆ ಕೂರುವಾಗ ಮೊಣಕಾಲ ಗಂಟು ಲಟಕ್ಕೆಂದದ್ದು ನನಗೆ ಕೇಳಿಸಿತು. ಆಮೇಲೆ ನಾನು ಹೊರಗೆ ಬಂದು ಬೀಡಿ ಹಚ್ಚುವ ನೆವದಲ್ಲಿ ನೋಡಿದೆ. ಮಡಿಲಲ್ಲಿ ಅಂಗಿ ತೊಟ್ಟ ಬೆಕ್ಕು, ಕೆಳಗಿನ ಮೆಟ್ಟಿಲ ಮೇಲೆ ಆಗತಾನೆ ಚಿಗುರುತ್ತಿದ್ದ ಬೋಳುತಲೆ. ಬೆಕ್ಕಿನ ಮೈಮೇಲೆ ಕತ್ತರಿ ತಾಗಿದ ಕಡೆಗೆಲ್ಲ ಅವಳು ಬೆರಳಲ್ಲಿ ಕೊಬ್ಬರಿ ಎಣ್ಣೆ ಮುಟ್ಟಿಸುತ್ತಿದ್ದಳು. ಅವನು ಕತ್ತು ಬಗ್ಗಿಸಿ ಕಾಯುತ್ತಿದ್ದ. ಅದರದು ಮುಗಿದ ಮೇಲೆ ಅವಳು ಶ್ರೀರಾಮಪ್ಪನ ಸೀಸೆಯಲ್ಲಿ ಉಳಿದದ್ದನ್ನು ಅಂಗೈಗೆ ಬಗ್ಗಿಸಿದಳು.

ಸುಲ್ತಾನನ ಕೂದಲು ಬೆಳೆಯಿತು, ಮೊದಲಿಗಿಂತ ದಟ್ಟವಾಗಿ. ಕೋದಂಡಪ್ಪನದು ಮಾತ್ರ ಮೊದಲಿನಷ್ಟು ಬರಲಿಲ್ಲ. ಅರವತ್ತೆರಡು ಅರವತ್ತಮೂರರ ಹೊತ್ತಿಗೆ ಅವಳು ಎಣ್ಣೆ ಹಚ್ಚುತ್ತಿದ್ದದ್ದು ಬರೀ ನೆತ್ತಿಗೆ. ಆದರೂ ಅವನು ಒಂದು ಶನಿವಾರ ತಪ್ಪಿಸಲಿಲ್ಲ. ಬೆಕ್ಕಿನ ಪಾಳಿ ಮೊದಲು, ಅವನ ಪಾಳಿ ಆಮೇಲೆ. ಅದರ ಮುಂಗಾಲು ಹಿಡಿದುಕೊಳ್ಳುವುದು ಅವನ ಕೆಲಸವಾಯಿತು. ಹಾಗೆಂದು ಅವನ ಹೊಟ್ಟೆಕಿಚ್ಚು ಹೋಯಿತೆಂದರೆ ನಾನು ನರಕಕ್ಕೆ ಹೋಗುತ್ತೇನೆ. ನಾವು ಆ ಲೈನು ಬಿಡುವವರೆಗೂ ವಾರವಾರ ತಟ್ಟಿಯಾಚೆಯಿಂದ ಅದೇ ತಕರಾರು ಕೇಳುತ್ತಿತ್ತು.

"ಅದ್ಕೆ ಅಷ್ಟೊತ್ತು, ನಂಗ್ ಇಷ್ಟೇನಾ?"

"ಅದು ಬಾಯ್ ಮುಚ್ಕಂಡ್ ಕೂತಿರ್ತದೆ," ಎನ್ನುವಳು ಕನಕಮ್ಮ. "ತಲೆ ಬಗ್ಸು."